ಹೆನ್ರಿ ಕೇಟರ್

ಹೆನ್ರಿ ಕೇಟರ್ (16 ಏಪ್ರಿಲ್ 1777 – 26 ಏಪ್ರಿಲ್ 1835) ಬ್ರಿಟಿಷ್ ಸೈನ್ಯಾಧಿಕಾರಿ, ಭೂಮಾಪಕ ಮತ್ತು ಭೌತವಿಜ್ಞಾನಿ. ಗುರುತ್ವವನ್ನು ಅಳೆಯುವ ‘ಕೇಟರನ ಲೋಲಕ’ದಿಂದಾಗಿ ಕರ್ನಾಟಕದ ಪದವಿ ಕಾಲೇಜುಗಳ ಭೌತವಿಜ್ಞಾನ ಪ್ರಯೋಗಾಲಯಗಳಲ್ಲಿ ಈತನ ಹೆಸರು ಇಂದಿಗೂ ಬಳಕೆಯಲ್ಲಿದೆ. ಆದರೆ ಈತ ಅಳತೆಯ ಕೆಲಸವನ್ನು ಕಲಿತದ್ದು ಮೈಸೂರು ಸೀಮೆಯಲ್ಲಿ ಎಂಬ ಸಂಗತಿ ಅಷ್ಟಾಗಿ ಪರಿಚಿತವಲ್ಲ. ದೂರದರ್ಶಕದ ದೃಷ್ಟಿರೇಖೆಯನ್ನು ಸರಿಪಡಿಸಲು ಈತ ರಚಿಸಿದ ತೇಲು ಕಾಲಿಮೇಟರ್ ಖಗೋಳ ವೀಕ್ಷಣೆಗೆಂದು ಹುಟ್ಟಿದ ಸಾಧನ. ದೂರದ ಗುರಿಗೆ ಗುಂಡು ಹೊಡೆಯುವವರು ರೈಫಲಿನ ಮೇಲೆ ಕೂರಿಸಿದ ದೂರದರ್ಶಕವನ್ನು ಹೊಂದಿಸಲು ಬಳಸುವ ಕಾಲಿಮೇಟರ್‌ನಲ್ಲಿಯೂ ಇರುವುದು ಅದೇ ತತ್ತ್ವ.

ಆರಂಭದ ಬದುಕು

ಕೇಟರ್ ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ಜರ್ಮನ್ ಮೂಲದ ತಂದೆ ಸಕ್ಕರೆ ಶುದ್ಧೀಕರಣದ ಉದ್ಯಮಿ. ಮಗ ವಕೀಲನಾಗಬೇಕೆಂಬುದು ಅವನ ಇಚ್ಛೆಯಾಗಿತ್ತು. ಕೇಟರ್ ಕೆಲಕಾಲ ಕಾನೂನು ಕಚೇರಿಯಲ್ಲಿ ದುಡಿದನಾದರೂ ಮನಸ್ಸು ಗಣಿತದ ಕಡೆಗಿತ್ತು. 1794ರಲ್ಲಿ ತಂದೆ ತೀರಿಕೊಂಡ ಮೇಲೆ ಕಾನೂನನ್ನು ಬಿಟ್ಟು 12ನೆಯ ಕಾಲ್ದಳದಲ್ಲಿ ಅಧಿಕಾರಿಯಾಗಿ ಸೇರಿ ಭಾರತಕ್ಕೆ ಬಂದ.

ಮೈಸೂರು ಸೀಮೆಯ ಮೋಜಣಿ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಪರ್ಯಾಯ ದ್ವೀಪವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ತ್ರಿಕೋನಗಳ ಸರಪಣಿಯಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟ. ಮುಂದೆ ಇದೇ ಭಾರತದ ಮಹಾ ತ್ರಿಕೋನಮಿತೀಯ ಮೋಜಣಿಯಾಗಿ ಬೆಳೆಯಿತು. ಕೇಟರ್ 1803ರಲ್ಲಿ ಲ್ಯಾಂಬ್ಟನ್‌ನ ಸಹಾಯಕನಾದ. ಅವರ ಬಳಿಯಿದ್ದ ದೊಡ್ಡ ಥಿಯೊಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್. ಅದರ ಅಡ್ಡ ವೃತ್ತದ ವ್ಯಾಸ 36 ಅಂಗುಲ. ಲಂಡನ್ನಿನ ವಿಲಿಯಂ ಕ್ಯಾರಿ ತಯಾರಿಸಿದ ಈ ಯಂತ್ರವನ್ನು ತರುತ್ತಿದ್ದ ಹಡಗು ದಾರಿಯಲ್ಲಿ ಫ್ರೆಂಚರ ವಶವಾಗಿತ್ತು. ಮಾರಿಷಸ್‌ನ ಫ್ರೆಂಚ್ ಗವರ್ನರ್ ಯಂತ್ರವನ್ನು ಸೌಜನ್ಯದಿಂದ ಮರಳಿಸಿದ್ದರಿಂದ ಅದು ಮದರಾಸನ್ನು ಸೇರಿತು.

ತ್ರಿಕೋನಗಳ ಸರಪಣಿ ಬೆಂಗಳೂರಿನಿಂದ ಪಶ್ಚಿಮಕ್ಕೆ ಸಾಗಿ ಘಟ್ಟವನ್ನು ದಾಟಿ ಮಂಗಳೂರನ್ನು ಮುಟ್ಟಿತು. ಘಟ್ಟದ ಅಂಚಿನ ನೆಲೆಗಳಲ್ಲಿ ಬಲ್ಲಾಳರಾಯನದುರ್ಗ ಮತ್ತು ಸುಬ್ರಹ್ಮಣ್ಯದ ಬೆಟ್ಟ ಮುಖ್ಯವಾದವು. ಇವೆರಡರ ನಡುವೆ ಹರಡಿರುವುದೇ ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರಿನ ಬೆಟ್ಟಸಾಲು, ಅಂದಿನ ಬಲಂ ಸೀಮೆ. ಇಲ್ಲಿನ ಪಾಳೆಯಗಾರನ ಬಂಡಾಯವನ್ನು ಆರ್ಥರ್ ವೆಲ್ಲೆಸ್ಲಿಯ ಪಡೆ ಅಡಗಿಸಿದ್ದು 1802ರ ಆರಂಭದಲ್ಲಿ. ಯುದ್ಧದ ನೆನಪು ಮಾಸುವ ಮೊದಲೇ ಮೋಜಣಿಯವರು ಘಟ್ಟದ ಸಾಲಿಗೆ ಬಂದಿದ್ದರು. ಆಲೂರಿನ ಪೂರ್ವಕ್ಕೆ ಬಯಲು, ಸಕಲೇಶಪುರದ ಪಶ್ಚಿಮಕ್ಕೆ ಕಡಿದಾದ ಘಟ್ಟ. ನಡುವಿನ ಬ್ಯಾಣ, ಕಾಡು ಮತ್ತು ಹೇಮಾವತಿಯ ಕಣಿವೆಗಳಲ್ಲಿ ಮಳೆಗಾಲವೆಲ್ಲ ಮೋಡ, ಚಳಿಗಾಲದ ಬೆಳಗುಗಳಲ್ಲಿ ಮಂಜು, ಬೇಸಿಗೆಯಲ್ಲಿ ಮಬ್ಬು. ಹತ್ತಾರು ಮೈಲಿ ಆಚೆಯ ಬೆಟ್ಟದ ಮೇಲೆ ನೆಟ್ಟ ಬಾವುಟವೊಂದು ದೂರದರ್ಶಕದಲ್ಲಿ ಸ್ಪಷ್ಟವಾಗಿ ಕಂಡರೆ ಮಾತ್ರ ಕೋನವನ್ನು ಓದಲು ಸಾಧ್ಯ. ಇಂಥ ಪ್ರದೇಶದಲ್ಲಿ ಕಾಯುವುದೇ ಕೆಲಸದ ದೊಡ್ಡ ಭಾಗ.

ಈ ಅಳತೆಯಿಂದ ದೊರೆತ ಫಲ ಸಣ್ಣದಲ್ಲ. ಹಳೆಯ ನಕಾಶೆಗಳಲ್ಲಿ ಮದರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎಂದಿತ್ತು. ಅದು 360 ಮೈಲಿಯಷ್ಟೇ ಎಂದು ತಿಳಿಯಿತು.

ಊಬಿನ ಹುಲ್ಲಿನ ಆರ್ದ್ರಮಾಪಕ

ದೂರದ ವಸ್ತುವಿನಿಂದ ಬರುವ ಬೆಳಕು ವಾಯುಪದರಗಳಲ್ಲಿ ಬಾಗುವುದರಿಂದ ಬೆಟ್ಟದ ತುದಿ ನಿಜವಾಗಿ ಇರುವುದಕ್ಕಿಂತ ತುಸು ಎತ್ತರದಲ್ಲಿ ಕಾಣುತ್ತದೆ. ಈ ವಕ್ರೀಭವನ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಗಾಳಿಯ ತೇವಕ್ಕೂ ಇದರಲ್ಲಿ ಪಾತ್ರವಿರಬಹುದೆಂಬ ವಿಚಾರ ಆಗ ಭೂಮಾಪಕರ ಮುಂದಿತ್ತು. (ತೇವಕ್ಕಿಂತ ತಾಪದ ಏರುಪೇರೇ ಮುಖ್ಯ ಕಾರಣವೆಂಬುದು ಈಗ ತಿಳಿದ ವಿಷಯ.) ತೇವವನ್ನು ಅಳೆಯಲು ಕೇಟರ್ ಬಳಸಿದ್ದು ಮೈಸೂರು ಸೀಮೆಯ ಒಂದು ಹುಲ್ಲನ್ನು. ಬಟ್ಟೆಗೂ ಕುರಿಯ ತುಪ್ಪಳಕ್ಕೂ ಚುಚ್ಚಿಕೊಳ್ಳುವ ಊಬಿನ ಹುಲ್ಲಿನ ಮುಳ್ಳೆಳೆ ಒಣಗಿದಾಗ ಹುರಿಗೊಳ್ಳುತ್ತದೆ, ತೇವ ತಗುಲಿದರೆ ಬಿಚ್ಚಿಕೊಳ್ಳುತ್ತದೆ. ಆ ಎಳೆಗೆ ಮುಳ್ಳು ಜೋಡಿಸಿ, ಅದು ಸುತ್ತುವ ಲೆಕ್ಕವನ್ನು ಓದುವ ಆರ್ದ್ರಮಾಪಕವನ್ನು ಈತ ಮಾಡಿದ. ‘ಏಷ್ಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ಪ್ರಕಟವಾದ ಲೇಖನದಲ್ಲಿ ಹುಲ್ಲಿನ ಕನ್ನಡ ಹೆಸರನ್ನೇ ದಾಖಲಿಸಿದ.

ಬೆಟ್ಟಗಳ ಬಿಸಿಲು, ಜ್ವರ ಮತ್ತು ಬಿಡುವಿಲ್ಲದ ದುಡಿಮೆ ಕೇಟರನ ಆರೋಗ್ಯವನ್ನು ಕೆಡಿಸಿದವು. ಮೋಜಣಿಯನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿದ ಈತ 1808ರಲ್ಲಿ ಸೈನಿಕ ಕಾಲೇಜಿನ ಹಿರಿಯ ವಿಭಾಗವನ್ನು ಸೇರಿದ. 1814ರಲ್ಲಿ ಅರ್ಧ ವೇತನದ ಮೇಲೆ ನಿವೃತ್ತನಾಗಿ ಉಳಿದ ಆಯುಷ್ಯವನ್ನೆಲ್ಲ ಸಂಶೋಧನೆಗೆ ಮೀಸಲಿಟ್ಟ.

ಲೋಲಕ

ಗಡಿಯಾರದ ಲೋಲಕ ತೂಗುವ ಅವಧಿಯಿಂದ ಗುರುತ್ವವನ್ನು ಲೆಕ್ಕ ಹಾಕಬಹುದು. ಆದರೆ ನಿಜವಾದ ಲೋಲಕದ ಭಾರ ಯಾವ ಬಿಂದುವಿನಲ್ಲಿ ಕೇಂದ್ರೀಕೃತವಾಗಿದೆ ಎಂದು ಹೇಳುವುದು ಕಷ್ಟ. ಕೇಟರ್ ಸರಳಿನ ಎರಡೂ ಕಡೆ ಕತ್ತಿಯಲಗು ಜೋಡಿಸಿ, ಲೋಲಕವನ್ನು ತಲೆಕೆಳಗು ಮಾಡಿ ತೂಗಿಸಿದ. ಜಾರುವ ತೂಕವನ್ನು ಸರಿಸುತ್ತ ಹೋಗಿ ಎರಡೂ ಕಡೆಯ ಅವಧಿ ಸಮನಾದಾಗ ಅಲಗುಗಳ ನಡುವಿನ ಅಂತರವೇ ಬೇಕಾದ ಉದ್ದ. ಥಿಯೊಡೊಲೈಟಿನ ದೂರದರ್ಶಕವನ್ನು ತಿರುವಿಹಾಕಿ ಎರಡು ಸಲ ಓದಿ ದೋಷವನ್ನು ಕಳೆಯುವ ಮೋಜಣಿಯ ರೂಢಿಗೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ. ಲಂಡನ್ನಿನಲ್ಲಿ ಸೆಕೆಂಡಿನ ಲೋಲಕದ ಉದ್ದ ಸುಮಾರು 39.139 ಅಂಗುಲ ಎಂದು ಈತ ನಿರ್ಧರಿಸಿದ. 1817ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕ ದೊರೆಯಿತು.

ತೇಲು ಕಾಲಿಮೇಟರ್

ದೂರದರ್ಶಕದೊಳಗೆ ಜೇಡರ ಎಳೆಯ ಅಡ್ಡಗೆರೆಗಳಿದ್ದರೆ ಅದು ಗುರಿ ಹಿಡಿಯುವ ಸಾಧನವಾಗುತ್ತದೆ. ಆದರೆ ಅಡ್ಡಗೆರೆಯ ಮೂಲಕ ಹಾಯುವ ದೃಷ್ಟಿರೇಖೆ, ದೂರದರ್ಶಕವನ್ನು ಹೊತ್ತ ಯಂತ್ರದ ಅಕ್ಷದೊಡನೆ ತಕ್ಕ ಸಂಬಂಧದಲ್ಲಿ ಇರಲೇಬೇಕು. ಕೂದಲೆಳೆಯಷ್ಟು ಓರೆಯಾದರೂ ಮೈಲಿಗಳಾಚೆ ಗಜಗಟ್ಟಲೆ ತಪ್ಪಾಗುತ್ತದೆ. ಪರೀಕ್ಷಿಸಲು ಬಹುದೂರದ ಗುರುತೊಂದು ಬೇಕು. ಮೋಡ ಮುಚ್ಚಿದರೆ ಅದೂ ಇಲ್ಲ.

1825ರಲ್ಲಿ ಪ್ರಕಟಿಸಿದ ಸಾಧನದಲ್ಲಿ ಕೇಟರ್ ಚಿಕ್ಕದೊಂದು ದೂರದರ್ಶಕವನ್ನು ಪಾದರಸದ ಮೇಲೆ ತೇಲುವ ಕಬ್ಬಿಣದ ತುಂಡಿಗೆ ಜೋಡಿಸಿದ. ಅದರ ಮಸೂರದ ನಾಭಿಯಲ್ಲಿ ಅಡ್ಡಗೆರೆಗಳಿದ್ದವು. ಅಲ್ಲಿಂದ ಹೊರಟ ಬೆಳಕು ಸಮಾನಾಂತರವಾಗಿ ಬರುವುದರಿಂದ, ಎದುರಿನ ದೂರದರ್ಶಕದಲ್ಲಿ ನೋಡುವವನಿಗೆ ಕೆಲವೇ ಅಡಿ ಆಚೆಯ ಗೆರೆಗಳು ಅನಂತ ದೂರದಲ್ಲಿರುವಂತೆ ಕಾಣುತ್ತವೆ. ಪಾದರಸ ತಾನಾಗಿ ಸಮತಲವನ್ನು ಕೊಡುತ್ತದೆ. 1828ರಲ್ಲಿ ನೆಟ್ಟನೆಯ ದಿಕ್ಕಿಗಾಗಿ ಇನ್ನೊಂದು ರೂಪವನ್ನು ಪ್ರಕಟಿಸಿದ. ಮಸೂರದ ನಾಭಿಯಲ್ಲಿ ಗುರುತಿಡುವ ಉಪಾಯ ಅಮೆರಿಕದ ಡೇವಿಡ್ ರಿಟನ್‌ಹೌಸ್‌ಗೂ ಜರ್ಮನಿಯ ಗೌಸ್‌ಗೂ ಮೊದಲೇ ಹೊಳೆದಿತ್ತು. ಅದನ್ನು ತೇಲಿಸಿದ್ದು ಕೇಟರನ ಸ್ವಂತದ್ದು. 1831ರಲ್ಲಿ ಖಗೋಳ ಸಂಘ ಈತನಿಗೆ ಚಿನ್ನದ ಪದಕ ನೀಡಿತು.

ರೈಫಲಿಗೆ ದೂರದರ್ಶಕ ಕೂರಿಸುವವರ ಸಮಸ್ಯೆಯೂ ಇದೇ ಬಗೆಯದು. ಬಳೆಗಳಲ್ಲಿ ಕೊಳವೆಯನ್ನು ಬಿಗಿಯುವಾಗ ನಿಂತ ಗೆರೆ ರೈಫಲಿನ ನೆಟ್ಟನೆಯ ರೇಖೆಗೆ ಹೊಂದಬೇಕು. ಓರೆಯಾದರೆ ದೂರ ಹೆಚ್ಚಿದಂತೆ ಗುಂಡು ಪಕ್ಕಕ್ಕೆ ಸರಿಯುತ್ತದೆ. ಬಿಂಬವೂ ಅಡ್ಡಗೆರೆಯೂ ಒಂದೇ ತಲದಲ್ಲಿ ಬೀಳದಿದ್ದರೆ ಕಣ್ಣು ಅಲುಗಿದಂತೆ ಗುರಿಯೂ ಅಲುಗುತ್ತದೆ, ಇದೇ ಪ್ಯಾರಲ್ಯಾಕ್ಸ್. ಬಳಿಕ ನಳಿಗೆಯ ಬಾಯಿಗೆ ಕಾಲಿಮೇಟರ್ ಹಿಡಿದು ಅಡ್ಡಗೆರೆಯನ್ನು ಅದರ ಗುರುತಿಗೆ ತಿರುಪುಗಳಿಂದ ತರುತ್ತಾರೆ. ಒಂದು ಕಲೆಯ ಕೋನ, ಅಂದರೆ ಒಂದು ಅಂಶದ 60ನೆಯ ಒಂದು ಭಾಗ, 100 ಮೀಟರ್ ದೂರದಲ್ಲಿ ಸುಮಾರು 29 ಮಿಲಿಮೀಟರ್ ಆಗುತ್ತದೆ. 1000 ಮೀಟರಿನಲ್ಲಿ ಅದರ ಹತ್ತರಷ್ಟು. ಬೆಳಕಿನಂತೆ ಗುಂಡು ನೇರವಾಗಿ ಸಾಗದೆ ಕೆಳಗಿಳಿಯುವುದರಿಂದ ದೃಷ್ಟಿರೇಖೆಗೂ ನಳಿಗೆಗೂ ಸಣ್ಣ ಕೋನ ಬೇಕೇ ಬೇಕು. ಕಾಲಿಮೇಟರ್ ಮೊದಲ ಹೊಂದಿಕೆಯನ್ನಷ್ಟೇ ಕೊಡುತ್ತದೆ. ಕೊನೆಯ ತಿದ್ದುಪಡಿಗೆ ಗುರಿಹಲಗೆಯ ಮೇಲೆ ಗುಂಡು ಹೊಡೆದೇ ನೋಡಬೇಕು.

ಗಜದ ಪ್ರಶ್ನೆ ಮತ್ತು ಕೊನೆಯ ವರ್ಷಗಳು

1824ರ ಬ್ರಿಟಿಷ್ ಶಾಸನ ಕೇಟರನ ಲೋಲಕಕ್ಕೆ ದೊಡ್ಡ ಹೊಣೆಯನ್ನು ಹೊರಿಸಿತು. ದೇಶದ ಮೂಲ ಗಜಕೋಲು ಕಳೆದುಹೋದರೆ ಸೆಕೆಂಡಿನ ಲೋಲಕದ ಉದ್ದ 39.1393 ಅಂಗುಲ ಎಂಬ ಆಧಾರದ ಮೇಲೆ ಅದನ್ನು ಮತ್ತೆ ರಚಿಸಬೇಕೆಂದು ಅದರಲ್ಲಿತ್ತು. ಆದರೆ ಲೋಲಕ ತನ್ನೊಡನೆ ಸ್ವಲ್ಪ ಗಾಳಿಯನ್ನೂ ಎಳೆದೊಯ್ಯುತ್ತದೆಂದೂ ಹಳೆಯ ತಿದ್ದುಪಡಿ ಸಾಲದೆಂದೂ ಬೆಸೆಲ್ 1828ರಲ್ಲಿ ತೋರಿಸಿದ. 1834ರ ಅಕ್ಟೋಬರಿನಲ್ಲಿ ಲಂಡನ್ನಿನ ಸಂಸತ್ ಭವನಕ್ಕೆ ಬೆಂಕಿ ಬಿದ್ದು ಮೂಲ ಗಜಕೋಲು ಹಾಳಾಯಿತು.

ಕೇಟರ್ ಮರುವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ನಿಧನನಾದ. ಬಳಿಕ ನೇಮಕವಾದ ಸಮಿತಿ ಲೋಲಕವನ್ನು ನೆಚ್ಚಲಾಗದೆಂದು ಕೈಬಿಟ್ಟು, ಮೂಲದೊಡನೆ ಮೊದಲೇ ಹೋಲಿಸಿದ್ದ ಅಳತೆಕೋಲುಗಳಿಂದ ಹೊಸ ಗಜವನ್ನು ರೂಪಿಸಿತು. ಅವುಗಳಲ್ಲಿ ರಾಯಲ್ ಸೊಸೈಟಿಗಾಗಿ ಕೇಟರನೇ ಸಿದ್ಧಪಡಿಸಿದ್ದ ಕೋಲೂ ಒಂದು. ಹೊಸ ಗಜ 1855ರಲ್ಲಿ ಶಾಸನಬದ್ಧವಾಯಿತು.