ಹಿಚಮ್ ಹಳ್ಳಿಯ ಪಾದ್ರಿ

ಜಾನ್ ಸ್ಟೀವನ್ಸ್ ಹೆನ್‌ಸ್ಲೋ (1796–1861) ಅವರನ್ನು ಲೋಕ ನೆನೆಯುವುದು ಚಾರ್ಲ್ಸ್ ಡಾರ್ವಿನ್ನರ ಗುರುವೆಂದು. 1831ರಲ್ಲಿ ಶಿಷ್ಯನಿಗೆ ಬೀಗಲ್ ನೌಕೆಯ ದಾರಿ ತೋರಿದವರು ಕೇಂಬ್ರಿಜ್‌ನ ಈ ಸಸ್ಯಶಾಸ್ತ್ರ ಪ್ರಾಧ್ಯಾಪಕರೇ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಸೆಳೆಯುವುದು ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಿಚಮ್ ಎಂಬ ಹಳ್ಳಿಯಲ್ಲಿ ಅವರು ನಡೆಸಿದ ಬಾಳು.

1837ರಲ್ಲಿ ಅವರು ಅಲ್ಲಿನ ಚರ್ಚಿನ ಪಾದ್ರಿಯಾಗಿ ನೇಮಕಗೊಂಡರು. ಸುಮಾರು ಸಾವಿರ ಜನರ ಆ ಊರಿನಲ್ಲಿ ಬಹುಪಾಲು ಮಂದಿ ಪರರ ಹೊಲಗಳಲ್ಲಿ ದುಡಿಯುವ ಕೂಲಿಗಳು. ಹೆನ್‌ಸ್ಲೋ ಶಾಲೆ ತೆರೆದರು; ಕೂಲಿಗಳ ಮಕ್ಕಳಿಗೆ ಹೂವಿನ ಎಸಳು, ಕೇಸರಗಳನ್ನು ಬಿಡಿಸಿ ತೋರಿಸಿ ಸಸ್ಯಶಾಸ್ತ್ರ ಕಲಿಸಿದರು. ಇಷ್ಟನ್ನು ಊರು ಹೇಗೋ ಸಹಿಸಿತು. ಕೂಲಿಗಳಿಗೆ ತುಂಡುಭೂಮಿಯನ್ನು ಗೇಣಿಗೆ ಕೊಡಿಸಲು ಅವರು ಹೊರಟಾಗ ಮಾತ್ರ ದೊಡ್ಡ ರೈತರು ಸಿಡಿದೆದ್ದರು. ಸ್ವಂತ ಫಸಲು ಕಂಡ ಆಳು ಕೈತಪ್ಪಿ ಹೋದಾನೆಂಬ ಭಯ ಅವರದು; ಭೂಮಿ ಪಡೆದವರಿಗೆ ಕೆಲಸವನ್ನೇ ಕೊಡಬಾರದೆಂದು ಒಂದಾದರು. ಹೆನ್‌ಸ್ಲೋ ಜಗ್ಗಲಿಲ್ಲ. ಭೂಮಿ ಹಂಚಿಕೆಯಾಯಿತು.

1860ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿಕಾಸವಾದದ ಪ್ರಸಿದ್ಧ ವಾಗ್ವಾದ ನಡೆದಾಗ ಅಧ್ಯಕ್ಷಪೀಠದಲ್ಲಿದ್ದವರೂ ಇವರೇ. ಮರುವರ್ಷ ಹಿಚಮ್‌ನಲ್ಲಿಯೇ ತೀರಿಕೊಂಡರು.

ದಾನವನ್ನು ಯಾವ ಊರೂ ವಿರೋಧಿಸದು. ಬಡವನಿಗೆ ಚೌಕಾಶಿಯ ಬಲ ಬಂದಾಗಲೇ ವಿರೋಧ ಹುಟ್ಟುವುದು. ದಶಕಗಳ ಕಾಲ ಕಡತಗಳ ನಡುವೆ ಬಾಳಿದ ನನಗೆ ಈ ಸತ್ಯ ಪಠ್ಯಪುಸ್ತಕಗಳಿಗಿಂತ ಹಿಚಮ್‌ನಲ್ಲಿ ನಿಚ್ಚಳವಾಗಿ ಕಾಣುತ್ತದೆ.