ಕಾಲೇಜಿನಿಂದ ಕೆಡೆಟ್ ಶಾಲೆಗೆ

ಜನವರಿ 15ರ ಸೇನಾ ದಿನದಂದು ನಾವು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರನ್ನು ನೆನೆಯುತ್ತೇವೆ. 1949ರ ಆ ದಿನ ಅವರು ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರೆಂಬುದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಅದಕ್ಕೂ ಮೂರು ದಶಕಗಳ ಹಿಂದಿನ ಕಾರ್ಯಪ್ಪ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಆ ವಿದ್ಯಾರ್ಥಿ.

1899ರಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದ ಕಾರ್ಯಪ್ಪ ಕಂದಾಯ ಇಲಾಖೆಯ ನೌಕರರೊಬ್ಬರ ಮಗ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದು ಮುಗಿಸಿ 1917ರಲ್ಲಿ ಮದರಾಸಿಗೆ ಹೋದರು. ಅದು ಮೊದಲ ಮಹಾಯುದ್ಧದ ಕಾಲ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕಾಗಿ ಕಡಲು ದಾಟಿದರು. ಆದರೂ ಅನುಭವಿ ಸುಬೇದಾರನೊಬ್ಬ ಆಗಷ್ಟೇ ಬಂದಿಳಿದ ಬ್ರಿಟಿಷ್ ಲೆಫ್ಟಿನೆಂಟನ ಕೈಕೆಳಗೇ ಇರಬೇಕಿತ್ತು. ಭಾರತೀಯರಿಗೂ ಅಧಿಕಾರಿ ಹುದ್ದೆ ನೀಡುವುದಾಗಿ ಸರ್ಕಾರ ಒಪ್ಪಿದ್ದು 1917ರಲ್ಲಿ. ಮರುವರ್ಷ ಇಂದೋರಿನಲ್ಲಿ ಡಾಲಿ ಕೆಡೆಟ್ ಕಾಲೇಜು ಆರಂಭವಾಯಿತು. ಸುದ್ದಿ ತಿಳಿದ ಕಾರ್ಯಪ್ಪ ಅರ್ಜಿ ಹಾಕಿ ಆಯ್ಕೆಯಾದರು. 1919ರ ಡಿಸೆಂಬರಿನಲ್ಲಿ ಅಧಿಕಾರಿಯಾಗಿ ಹೊರಬಂದರು. ಒಂದೇ ತಂಡಕ್ಕೆ ತರಬೇತಿ ನೀಡಿ ಆ ಶಾಲೆ ಮುಚ್ಚಿತು.

ತೆರೆದ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಇಂದೋರಿನವರಿಗೆ ಮೊದಲು ದೊರೆತದ್ದು ತಾತ್ಕಾಲಿಕ ಹುದ್ದೆ. ಜ್ಯೇಷ್ಠತೆಯಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಬಂದವರ ನಂತರದ ಸ್ಥಾನ. ಇನ್ನು, ಬ್ರಿಟಿಷ್ ಅಧಿಕಾರಿ ಭಾರತೀಯನ ಆಜ್ಞೆ ಪಾಲಿಸುವ ಪ್ರಸಂಗ ಬಾರದಿರಲೆಂದು 1923ರಲ್ಲಿ ಭಾರತೀಯ ಅಧಿಕಾರಿಗಳಿಗಾಗಿ ಎಂಟೇ ಘಟಕಗಳನ್ನು ಗುರುತಿಸಲಾಯಿತು. ಕಾರ್ಯಪ್ಪನವರು ನೆಲೆನಿಂತ ರಜಪೂತ ಬೆಟಾಲಿಯನ್ ಅವುಗಳಲ್ಲೊಂದು. ಅವರು ದೂರುತ್ತಾ ಕೂರಲಿಲ್ಲ. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯರಾದರು. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರೂ ಆದರು. ಸ್ವಾತಂತ್ರ್ಯಾನಂತರದ ಕಾಶ್ಮೀರ ಯುದ್ಧದಲ್ಲಿ ಪಶ್ಚಿಮ ಕಮಾಂಡಿನ ಹೊಣೆ ಹೊತ್ತರು. 1953ರಲ್ಲಿ ನಿವೃತ್ತರಾದ ಅವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಸಂದಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ವಸ್ತಾರೆಯ ಕಾಫಿ ತೋಟಗಳ ನಡುವೆ ಬೆಳೆದ ನನಗೆ ಕೊಡಗು ಪರನಾಡಲ್ಲ. ಅದೇ ಮಳೆ, ಅದೇ ಕಾಫಿ, ಅದೇ ಮೆಣಸಿನ ಬಳ್ಳಿ. ಆದರೂ ಸೇನೆಯೆಂದರೆ ಕೊಡಗಿನವರ ಬಾಬತ್ತು ಎಂಬ ಭಾವನೆ ನಮ್ಮ ಕಡೆ ಗಟ್ಟಿಯಾಗಿದೆ. ಮಗ ಎಂಜಿನಿಯರಾಗಿ ಬೆಂಗಳೂರು ಸೇರಲಿ, ಇಲ್ಲವೇ ತೋಟ ನೋಡಿಕೊಳ್ಳಲಿ ಎನ್ನುವ ಹೆತ್ತವರಿಗೆ ಮೂರನೆಯ ದಾರಿಯೊಂದು ಹೊಳೆಯುವುದೇ ಅಪರೂಪ. ಕಾರ್ಯಪ್ಪನವರ ಯಶಸ್ಸನ್ನು ರಕ್ತಗುಣವೆಂದು ಬಗೆದು ಕೈಮುಗಿದರೆ ಅವರ ಶ್ರಮಕ್ಕೇ ಅನ್ಯಾಯವಾಗುತ್ತದೆ. ಅವಕಾಶದ ಸುದ್ದಿ ಸಕಾಲದಲ್ಲಿ ಕಿವಿಗೆ ಬಿದ್ದದ್ದು, ಬಿದ್ದೊಡನೆ ಅವರು ಅರ್ಜಿ ಹಾಕಿದ್ದು, ಇವೆರಡೂ ಯಾವ ಊರಿನ ವಿದ್ಯಾರ್ಥಿಗೂ ಸಾಧ್ಯವಾಗಬಹುದಾದ ಸಂಗತಿಗಳು.

ಇಂದಿನ ಪದವೀಧರ ಸಿಡಿಎಸ್ ಪರೀಕ್ಷೆಯ ಮೂಲಕ 1932ರಲ್ಲಿ ಸ್ಥಾಪನೆಯಾದ ಡೆಹರಾಡೂನಿನ ಅಕಾಡೆಮಿಗೆ ಹೋಗಬಹುದು. ಕಾರ್ಯಪ್ಪ ಓದಿದ ಚೆನ್ನೈನಲ್ಲೇ ಅಧಿಕಾರಿಗಳ ತರಬೇತಿ ಅಕಾಡೆಮಿಯಿದೆ. ಪುಣೆಯ ಎನ್‌ಡಿಎ 2022ರಲ್ಲಿ ಹೆಣ್ಣುಮಕ್ಕಳಿಗೂ ತೆರೆದು, ಅವರ ಮೊದಲ ತಂಡ 2025ರಲ್ಲಿ ತರಬೇತಿ ಪೂರೈಸಿದೆ. ಬಾಗಿಲು ಈಗ ಅರ್ಧ ತೆರೆದಿಲ್ಲ. ಅದರ ಸುದ್ದಿಯನ್ನು ತಾಲ್ಲೂಕು ಕೇಂದ್ರದ ಕಾಲೇಜುಗಳಿಗೂ ಮುಟ್ಟಿಸುವ ಹೊಣೆ ಅಧ್ಯಾಪಕರದು, ಹೆತ್ತವರದು, ನಮ್ಮೆಲ್ಲರದು. ಪುತ್ಥಳಿಗೆ ಹಾರ ಹಾಕುವುದಕ್ಕಿಂತ ಅದು ಕಾರ್ಯಪ್ಪನವರಿಗೆ ಹೆಚ್ಚು ಒಪ್ಪುವ ಗೌರವ.