ಮುಗಿಯದ ಭಾಗಾಕಾರ ಮತ್ತು ಗಣಿತಜ್ಞ ಗೌಸ್

ಒಂದನ್ನು ಎಂಟರಿಂದ ಭಾಗಿಸಿದರೆ 0.125 ಬಂದು ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಅದೇ ಒಂದನ್ನು ಏಳರಿಂದ ಭಾಗಿಸಿದರೆ 0.142857142857 ಎಂದು ಆರು ಅಂಕಿಗಳು ಸುತ್ತಿ ಸುತ್ತಿ ಬರುತ್ತಲೇ ಇರುತ್ತವೆ. ನಾವೆಲ್ಲ ಶಾಲೆಯಲ್ಲಿ ಈ ಲೆಕ್ಕ ಮಾಡಿ ಮರೆತವರೇ. ಆದರೆ ಇದರ ಹಿಂದಿನ ನಿಯಮವನ್ನು ಹುಡುಕಿಕೊಂಡು ಹೊರಟ ಬಡವರ ಮನೆಯ ಹುಡುಗನೊಬ್ಬ ಜಗತ್ತಿನ ಅಗ್ರಗಣ್ಯ ಗಣಿತಜ್ಞನಾದನು. ಅವನೇ ಕಾರ್ಲ್ ಫ್ರೀಡ್ರಿಕ್ ಗೌಸ್.

ಗೌಸ್ ಹುಟ್ಟಿದ್ದು 1777ರ ಏಪ್ರಿಲ್ 30ರಂದು, ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ. ತಂದೆ ಗಾರೆ ಕೆಲಸ, ತೋಟದ ಕೆಲಸ ಮಾಡಿ ಸಂಸಾರ ತೂಗಿಸುತ್ತಿದ್ದವನು. ತಾಯಿ ಡೊರೋತಿಯಾಳಿಗೆ ಬರೆಯಲು ಬಾರದು. ನಮ್ಮ ಅಜ್ಜಿಯರು ಯುಗಾದಿ ಕಳೆದ ಮೂರನೆಯ ದಿನವೆಂದೋ, ದೀಪಾವಳಿಯ ಹಿಂದಿನ ವಾರವೆಂದೋ ಮಕ್ಕಳ ಹುಟ್ಟನ್ನು ನೆನಪಿಡುತ್ತಿದ್ದರಲ್ಲವೇ? ಆಕೆಯೂ ಹಾಗೆಯೇ, ಈಸ್ಟರ್ ಕಳೆದ ಮೇಲೆ ಬರುವ ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರವೆಂದು ಮಾತ್ರ ನೆನಪಿಟ್ಟಿದ್ದಳು. ಯಾವುದೇ ವರ್ಷದ ಈಸ್ಟರ್ ದಿನವನ್ನು ಲೆಕ್ಕ ಹಾಕುವ ಸೂತ್ರವನ್ನು ಮಗ 1800ರಲ್ಲಿ ಪ್ರಕಟಿಸಿದನು.

ಮಗ ಕೈಕಸುಬು ಹಿಡಿಯಲೆಂಬುದು ತಂದೆಯ ಇಚ್ಛೆ. ಆದರೆ ಶಾಲೆಯ ಸಹಾಯಕ ಮಾರ್ಟಿನ್ ಬಾರ್ಟೆಲ್ಸ್ ಹುಡುಗನ ಬುದ್ಧಿಯನ್ನು ಗುರುತಿಸಿದನು. ಬ್ರೌನ್‌ಶ್ವೈಗಿನ ಡ್ಯೂಕ್ ವಿದ್ಯಾರ್ಥಿವೇತನ ಕೊಟ್ಟು ಓದಿಸಿದನು. ಈ ನೆರವು ದೊರೆಯದಿದ್ದರೆ ಗೌಸ್ ಗಾರೆ ಕೆಲಸದಲ್ಲೇ ಉಳಿಯುತ್ತಿದ್ದನೇನೋ!

1795ರಲ್ಲಿ, ಹದಿನೆಂಟರ ಹರೆಯದಲ್ಲಿ, ಸಾವಿರದೊಳಗಿನ ಛೇದಗಳುಳ್ಳ ಭಿನ್ನರಾಶಿಗಳನ್ನು ದಶಮಾಂಶಕ್ಕೆ ಪರಿವರ್ತಿಸುವ ಕೋಷ್ಟಕವನ್ನು ಗೌಸ್ ಕೈಯಿಂದಲೇ ಲೆಕ್ಕ ಹಾಕಿ ಸಿದ್ಧಪಡಿಸಿದನು. ನೋಡುವವರಿಗೆ ಬೇಸರದ ಕೆಲಸ. ಅವನಿಗೆ ಅದೇ ಪ್ರಯೋಗಶಾಲೆ.

ಅದರ ಒಳಗುಟ್ಟು ಇಷ್ಟು. ಏಳರಿಂದ ಭಾಗಿಸುವಾಗ ಉಳಿಯುವ ಶೇಷ 1ರಿಂದ 6ರೊಳಗಿನ ಸಂಖ್ಯೆಯೇ ಆಗಬೇಕು. 3, 2, 6, 4, 5 ಎಂದು ಸಾಗಿ ಶೇಷ ಮತ್ತೆ 1 ಆದೊಡನೆ ಲೆಕ್ಕ ಮೊದಲಿಗೇ ಬಂದು ನಿಲ್ಲುತ್ತದೆ, ಅಂಕಿಗಳು ಮರುಕಳಿಸುತ್ತವೆ. ಸಂಕ್ಷೇಪಿಸಿದ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇಲ್ಲದಿದ್ದರೆ ಮಾತ್ರ ದಶಮಾಂಶ ಮುಗಿಯುತ್ತದೆ. 2, 5 ಬಿಟ್ಟು ಉಳಿದ ಯಾವುದೇ ಅವಿಭಾಜ್ಯ ಸಂಖ್ಯೆ ಛೇದವಾಗಿದ್ದರೆ, ಮರುಕಳಿಸುವ ಅಂಕಿಗಳ ಎಣಿಕೆಯು ಆ ಸಂಖ್ಯೆಗಿಂತ ಒಂದು ಕಡಿಮೆಯಾದುದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಹದಿಮೂರಕ್ಕೆ ಆರು ಅಂಕಿ, ಮೂವತ್ತೇಳಕ್ಕೆ ಮೂರೇ ಅಂಕಿ.

ಇಂಥ ಕೆಲವು ಸಂಗತಿಗಳನ್ನು ಹಿಂದಿನವರೂ ಗಮನಿಸಿದ್ದರು. ಗೌಸ್ ಅವುಗಳಿಗೆ ಭದ್ರವಾದ ತಳಪಾಯ ಹಾಕಿ, 1801ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಮಹಾಗ್ರಂಥದಲ್ಲಿ ಸೇರಿಸಿದನು. ಅದನ್ನು ತನ್ನನ್ನು ಓದಿಸಿದ ಡ್ಯೂಕನಿಗೇ ಅರ್ಪಿಸಿದನು. ಅದೇ ವರ್ಷ ಖಗೋಳಜ್ಞರ ಕಣ್ಣಿಗೆ ಬಿದ್ದು ಮರೆಯಾಗಿದ್ದ ಸೆರೆಸ್ ಎಂಬ ಆಕಾಶಕಾಯದ ಪಥವನ್ನೂ ಲೆಕ್ಕ ಹಾಕಿದನು. ಅವನು ಸೂಚಿಸಿದ ಕಡೆಯಲ್ಲೇ ಅದು ಪುನಃ ಕಾಣಿಸಿಕೊಂಡಿತು.

1806ರಲ್ಲಿ ಯುದ್ಧದಲ್ಲಿ ಗಾಯಗೊಂಡು ಡ್ಯೂಕ್ ಮಡಿದನು. ಆಶ್ರಯ ತಪ್ಪಿದ ಗೌಸ್ 1807ರಲ್ಲಿ ಗಟ್ಟಿಂಗೆನ್ ವೀಕ್ಷಣಾಲಯದ ನಿರ್ದೇಶಕನಾಗಿ ಕೊನೆಯವರೆಗೂ ಅಲ್ಲಿಯೇ ನೆಲೆಸಿದನು. 1817ರಲ್ಲಿ ತಾಯಿಯನ್ನು ಕರೆಸಿಕೊಂಡು, 1839ರಲ್ಲಿ ಆಕೆ ತೀರಿಕೊಳ್ಳುವವರೆಗೆ ಜೊತೆಯಲ್ಲೇ ಇಟ್ಟುಕೊಂಡನು. ಅವನ ಇಬ್ಬರು ಗಂಡುಮಕ್ಕಳು ನಮ್ಮ ಹಾಗೆಯೇ ಹುಟ್ಟೂರು ಬಿಟ್ಟು ಅಮೆರಿಕ ಸೇರಿ ಮಿಸೌರಿಯಲ್ಲಿ ಮನೆ ಮಾಡಿದರು. 1855ರ ಫೆಬ್ರವರಿ 23ರಂದು ಗೌಸ್ ಕಣ್ಮುಚ್ಚಿದನು.

7, 17, 19, 23ರಂತೆ ಅತ್ಯಂತ ಉದ್ದದ ಆವರ್ತ ಕೊಡುವ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯುಂಟೇ? ಇಲ್ಲವೆಂದು ಎಮಿಲ್ ಆರ್ಟಿನ್ 1927ರಲ್ಲಿ ಮಾಡಿದ ಊಹೆ ಇಂದಿಗೂ ಪೂರ್ಣವಾಗಿ ಸಿದ್ಧವಾಗಿಲ್ಲ.

ನಮ್ಮ ಮಕ್ಕಳ ಕೈಯಲ್ಲಿ ಕ್ಯಾಲ್ಕುಲೇಟರ್ ಇದೆ. ಒಂದನ್ನು ಹದಿನೇಳರಿಂದ ಭಾಗಿಸಿದರೆ ಸಾಧಾರಣ ಯಂತ್ರ ಎಂಟೋ ಹತ್ತೋ ಅಂಕಿ ತೋರಿಸಿ ನಿಲ್ಲುತ್ತದೆ. ಮರುಕಳಿಕೆ ಕಾಣುವುದೇ ಇಲ್ಲ. ಪೆನ್ಸಿಲ್ ಹಿಡಿದು ಹದಿನಾರು ಹೆಜ್ಜೆ ನಡೆದವರಿಗೆ ಮಾತ್ರ 0588235294117647 ಎಂಬ ಇಡೀ ಸರ ಸಿಗುತ್ತದೆ. ಬರುವ ಭಾನುವಾರ ಮಕ್ಕಳ ಜೊತೆ ಕುಳಿತು ನಾವೂ ಒಮ್ಮೆ ಮಾಡಿ ನೋಡೋಣವೇ?